ಸಹಾಯ ಬೇಕು: ಕೋಡಿ ಬೆಂಗ್ರೆ ಬಾರ್ಜ್‌ನಲ್ಲಿ ಸೈಕಲ್ ಹತ್ತಿಸ್ತಾರಾ?

ಈ ಭಾನುವಾರ ಉಡುಪಿ ಹತ್ತಿರದ ಸಂತೆಕಟ್ಟೆಯಿಂದ ಕೆಮ್ಮಣ್ಣು, ಹೂಡೆ ಮೇಲೆ ಕೋಡಿ ಬೆಂಗ್ರೆಗೆ ಸೈಕಲ್ಲಲ್ಲಿ ಹೋಗುವ ಅಂತ ಉಂಟು. ಅಲ್ಲಿಂದ ಬಾರ್ಜ್‌ನಲ್ಲಿ (ಜನ, ಗಾಡಿ ದಾಟಿಸುವ ದೋಣಿ) ಹೊಳೆ ದಾಟಿ ಹಂಗಾರಕಟ್ಟೆ, ಮತ್ತೆ ಸಾಲಿಗ್ರಾಮ. ಹೆದ್ದಾರಿ 66 ಬೇಡವೇ ಬೇಡ, ಲಾರಿಗಳ ಕಾಟ.

ಭಾನುವಾರ ಬೆಳಿಗ್ಗೆ ಮೊದಲ ಬಾರ್ಜ್ ಎಷ್ಟು ಗಂಟೆಗೆ? ಯಾರಿಗಾದ್ರೂ ಗೊತ್ತುಂಟಾ? ದಾರಿ ಪೂರ್ತಿ ಸಪಾಟು, ಒಂದು ಬದಿ ಕಡಲು, ಇನ್ನೊಂದು ಬದಿ ಹೊಳೆ. ಆದ್ರೆ ಮಧ್ಯಾಹ್ನ ವಾಯುವ್ಯದ ಗಾಳಿ ಎದ್ದರೆ ಬಡಗು ಮುಖವಾಗಿ ತುಳಿಯುವವನಿಗೆ ಅದೇ ಆಗುಂಬೆ ಘಾಟಿ ಮಾರ್ರೆ! ಹಾಗಾಗಿ ಬೇಗ ದಾಟಬೇಕು.

ಇನ್ನೊಂದು, ನನ್ನದು 25 ಎಂಎಂ ಅಗಲದ ಸಪೂರ ಟಯರ್. ಬೆಂಗ್ರೆ ಹತ್ತಿರ ರಸ್ತೆಗೆ ಹೊಯಿಗೆ (ಮರಳು) ಬಂದಿರ್ತದೆ, ಬಲೆಯ ನೈಲಾನ್ ನೂಲು ಹಿಂದಿನ ಗೇರಿಗೆ ಸುತ್ತಿಕೊಂಡ್ರೆ ಬಿಡಿಸುವುದೇ ಕೆಲಸ. 32 ಹಾಕ್ಲಾ? ಉಪ್ಪುಗಾಳಿಗೆ ಚೈನಿಗೆ ಯಾವ ಎಣ್ಣೆ ಹಾಕ್ತೀರಿ, ಅದನ್ನೂ ಹೇಳಿ.