ಎರಡು ಬ್ಯಾಕ್‌ಟಿಕ್ ಮತ್ತು ಗೌಡನ ತಲೆನೋವು

"ರಾತ್ರಿ ಹನ್ನೆರಡರ ತನಕ ಲ್ಯಾಪ್‌ಟಾಪ್ ಮುಂದೆ ಕೂತು ಎಂತ ಮಾಡಿದೆ ಮಾರಾಯ?" ಅಂತ ಗೌಡ ಕೇಳಿದ.

"ಪೈಥಾನ್ ಅನ್ನೋ ಪ್ರೋಗ್ರಾಮಿಂಗ್ ಭಾಷೆಯ ಡಾಕ್ಯುಮೆಂಟೇಶನ್ನಿಗೆ, ಅಂದ್ರೆ ವಿವರಣೆ ಪುಟಗಳಿಗೆ, ಎರಡು ಬ್ಯಾಕ್‌ಟಿಕ್ ಹಾಕಿದೆ. ಹಿಂದಕ್ಕೆ ವಾಲಿದ ಸಣ್ಣ ಗೀಟು ಅದು" ಅಂದ ಭಟ್ಟ.

ಶಿವಮೊಗ್ಗದ ಗೋಪಿ ಸರ್ಕಲ್ ಹತ್ತಿರದ ಹೋಟೆಲಿನಲ್ಲಿ ಮಳೆ ಬಿಡಲಿ ಅಂತ ಕೂತಿದ್ದೆವು. ತೀರ್ಥಹಳ್ಳಿ ಕಡೆಯ ಗೌಡನಿಗೆ ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯೋ ಆಳು ಸಿಗದೆ ಮೊದಲೇ ತಲೆ ಕೆಟ್ಟಿತ್ತು. "ನನ್ನ ತೋಟಕ್ಕಾದರೂ ಬರಬಹುದಿತ್ತಲ್ಲ!" ಅಂದ.

ಭಟ್ಟ ಶುರು ಮಾಡಿದ. ಪೈಥಾನ್‌ನವರು 2008ರ ಹೊತ್ತಿಗೆ ವಿವರಣೆ ಬರೆಯೋಕೆ ಲೇಟೆಕ್ ಅನ್ನೋ ಗುರುತು ಪದ್ಧತಿ ಬಿಟ್ಟು ರೀಸ್ಟ್ರಕ್ಚರ್ಡ್‌ಟೆಕ್ಸ್ಟ್ ಅನ್ನೋದನ್ನ ಹಿಡಿದರು. ಜನರ ಕೈ ಪಳಗಿರೋದು ಮಾರ್ಕ್‌ಡೌನ್ ಅನ್ನೋ ಇನ್ನೊಂದು ಪದ್ಧತಿಗೆ. ಅಲ್ಲಿ ಕೋಡ್ ತೋರಿಸೋಕೆ ಎರಡೂ ಕಡೆ ಒಂದೊಂದು ಬ್ಯಾಕ್‌ಟಿಕ್ ಸಾಕು, ಇಲ್ಲಿ ಎರಡೆರಡು ಬೇಕು. ಒಂದೇ ಹಾಕಿದರೆ ಅಕ್ಷರ ಓರೆಯಾಗುತ್ತೆ ಅಷ್ಟೆ.

"ಓರೆಯಾದರೆ ಓರೆ. ಓದೋಕೆ ಬರುತ್ತಲ್ಲ?"

"ಇದು ಪಾಪದ್ದು ಗೌಡ. ಎರಡು ಹೈಫನ್ ಕಥೆ ಕೇಳು. ಪ್ರೋಗ್ರಾಮಿಗೆ ಕೊಡೋ ಆಪ್ಶನ್ನಿನ ಹೆಸರಿಗೆ ಮೊದಲು ಎರಡು ಹೈಫನ್ ಇರುತ್ತಲ್ಲ, ಅದಕ್ಕೆ ಕೋಡ್ ಗುರುತು ಹಾಕದೆ ಸುಮ್ನೆ ವಾಕ್ಯದೊಳಗೆ ಬರೆದರೆ, ಈ ಬರಹವನ್ನ ವೆಬ್ ಪುಟ ಮಾಡೋ ಸ್ಫಿಂಕ್ಸ್ ಅನ್ನೋ ಸಾಧನ ಚಂದ ಮಾಡ್ತೀನಿ ಅಂತ ಎರಡನ್ನೂ ಸೇರಿಸಿ ಒಂದು ಉದ್ದ ಗೆರೆ ಎಳೆಯುತ್ತೆ. ಓದುಗ ಅದನ್ನೇ ಕಾಪಿ ಮಾಡಿ ಕಮಾಂಡ್ ಕೊಡೋ ಟರ್ಮಿನಲ್ಲಿಗೆ ಹಾಕ್ತಾನೆ, ಪ್ರೋಗ್ರಾಮ್ ಇದೆಂಥದು ಗೊತ್ತಿಲ್ಲ ಅನ್ನುತ್ತೆ, ಪಾಪ ಅವನು ತನಗೇ ಬೈದುಕೊಂಡು ಎಲ್ಲವನ್ನೂ ಮತ್ತೆ ಇನ್‌ಸ್ಟಾಲ್ ಮಾಡೋಕೆ ಕೂರ್ತಾನೆ."

ಜೊತೆಗೆ ಕೂತಿದ್ದ ಮೇಷ್ಟ್ರಿಗೆ ಈಗ ಹುರುಪು ಬಂತು. ಇಪ್ಪತ್ತು ವರ್ಷ ಸಿ ಅನ್ನೋ ಪ್ರೋಗ್ರಾಮಿಂಗ್ ಭಾಷೆ ಕಲಿಸಿದವರು, ಬೋಂಡಾ ಕೆಳಗಿಟ್ಟರು. "ನಮ್ಮ ಹುಡುಗರೆಲ್ಲ ಒಂದು ವೆಬ್ ಪುಟ ನೋಡಿ ಬರೀ ಇನ್‌ಕ್ಲೂಡ್ ಅಂತ ಬರೆದು ತಂದಿದ್ರು, ಮುಂದೆ ಖಾಲಿ. ಅದರ ಮುಂದೆ ಬರಬೇಕಾದ ಸ್ಟಡಿಯೊ ಡಾಟ್ ಎಚ್ ಎಲ್ರೋ ಅಂದ್ರೆ, ಪುಟದಲ್ಲೇ ಇಲ್ಲ ಸಾರ್ ಅಂತಾರೆ. ನೋಡಿದರೆ ನಿಜವಾಗಿ ಇಲ್ಲ! ಆ ಹೆಸರಿನ ಎರಡೂ ಕಡೆ ಇರೋ ಕೋನದ ಚಿಹ್ನೆಗಳನ್ನು ಪುಟ ಬರೆದವರು ಹಾಗೇ ಬರೆದುಬಿಟ್ಟಿದ್ದಾರೆ, ಬ್ರೌಸರ್ ಅದನ್ನು ಎಚ್‌ಟಿಎಂಎಲ್ ಟ್ಯಾಗ್, ಅಂದ್ರೆ ಪುಟ ಜೋಡಿಸೋ ಗುರುತು, ಅಂದ್ಕೊಂಡು ನುಂಗಿದೆ."

"ನುಂಗೋದರಲ್ಲಿ ಪರ್ಲ್ ಭಾಷೆಯನ್ನ ಮೀರಿಸೋರಿಲ್ಲ ಮೇಷ್ಟ್ರೆ" ಅಂದ ಭಟ್ಟ. ಪರ್ಲ್‌ನಲ್ಲಿ ವಿವರಣೆ ಮತ್ತು ಪ್ರೋಗ್ರಾಮ್ ಒಂದೇ ಫೈಲಿನಲ್ಲಿ ಇರಬಹುದು. ವಿವರಣೆ ಮುಗಿದ ಮೇಲೆ ಈಕ್ವಲ್ ಚಿಹ್ನೆ ಹಾಕಿ ಕಟ್ ಅಂತ ಬರೀಬೇಕು. ಮರೆತರೆ, ಕೆಳಗಿರೋ ಕೋಡೂ ವಿವರಣೆಯೇ ಅಂತ ಲೆಕ್ಕ, ಅದು ಓಡೋದೇ ಇಲ್ಲ. ಎಷ್ಟೋ ಸಲ ಒಂದು ಎರರ್ ಕೂಡ ಬರೋದಿಲ್ಲ.

"ಬೇಲಿ ಕಟ್ಟದೆ ಬಿಟ್ಟರೆ ಪಕ್ಕದವನು ಒತ್ತುವರಿ ಮಾಡಿದ ಹಾಗೆ" ಅಂದ ಗೌಡ. ಅಂತೂ ಅವನಿಗೆ ಅರ್ಥವಾಯಿತು. ಆದರೆ ಅರ್ಥವಾದ ಮೇಲೆ ಗೌಡ ಇನ್ನೂ ಅಪಾಯಕಾರಿ.

"ಅಂದ್ರೆ ಬಗ್ ಇರೋ ಪ್ರೋಗ್ರಾಮಿಗೆ ಮೇಲೊಂದು ವಿವರಣೆ ಬರೆದು ಕಟ್ ಹಾಕದೆ ಬಿಟ್ಟರೆ, ಬಗ್ಗೂ ಓಡೋದಿಲ್ಲ ಅಲ್ವಾ?"

ಭಟ್ಟ ಬಾಯಿ ತೆರೆದು ಹಾಗೇ ಮುಚ್ಚಿದ.

"ನಿನ್ನನ್ನ ಬೆಂಗಳೂರಿಗೆ ಕಳಿಸಿದ್ದರೆ ಇಷ್ಟೊತ್ತಿಗೆ ಮ್ಯಾನೇಜರ್ ಆಗಿರ್ತಿದ್ದೆ ಕಣೋ" ಅಂದರು ಮೇಷ್ಟ್ರು.