ಎ2 ಕ್ಲಾಸ್ ಬಿಡಬೇಡ, ತಂಗಿ

ತಂಗಿ, ನಿನ್ನ ಮೆಸೇಜ್ ನೋಡಿದೆ. ಜರ್ಮನ್ ಕಲಿಯೋ ಎ2 ಕ್ಲಾಸಲ್ಲಿ, ಅಂದ್ರೆ ಎರಡನೇ ಹಂತದಲ್ಲಿ, ಟೀಚರ್ ಬರೀ ಜರ್ಮನ್‌ನಲ್ಲೇ ಮಾತಾಡ್ತಾರೆ, ಡೆಮ್-ಡೆನ್ ಅನ್ನೋ ವಿಭಕ್ತಿ ರೂಪಗಳು ತಲೆಗೆ ಹತ್ತಲ್ಲ, ಫೋಲ್ಕ್ಸ್‌ಹೋಖ್‌ಶೂಲೆ (ದೊಡ್ಡವರು ಕಲಿಯೋ ಶಾಲೆ) ಬಿಟ್ಟು ಇಂಗ್ಲಿಷ್‌ನಲ್ಲಿ ಹೇಳ್ಕೊಡೋ ಆನ್‌ಲೈನ್ ಕ್ಲಾಸಿಗೆ ಸೇರ್ಲಾ ಅಂತ ಕೇಳಿದ್ದೀಯ. ಟೈಪ್ ಮಾಡಿದ್ರೆ ಮುಗಿಯೋದಲ್ಲ, ಅದಕ್ಕೇ ಮಾತಲ್ಲೇ ಹೇಳ್ತೀನಿ. ಬಿಡಬೇಡ.

ಆ ಕ್ಲಾಸಲ್ಲಿ ಸಿರಿಯಾದವರು, ಉಕ್ರೇನಿನವರು, ಟರ್ಕಿಯವರು ಒಟ್ಟಿಗೆ ಕೂತಿರ್ತಾರೆ. ಎಲ್ಲರಿಗೂ ಬರೋ ಇನ್ನೊಂದು ಭಾಷೆ ಇಲ್ಲ, ಟೀಚರ್ ಏನ್ಮಾಡ್ತಾರೆ ಹೇಳು. ನಿನಗೆ ಅದರಿಂದ ಲಾಭವೇ. ನೀನು ತಲೇಲಿ ಇಂಗ್ಲಿಷ್‌ಗೆ ತಿರುಗಿಸ್ಕೊಂಡು ಆಮೇಲೆ ಜರ್ಮನ್‌ಗೆ ಹೋಗ್ತಿದ್ದೀಯ ಅನ್ಸುತ್ತೆ, ಅಲ್ಲೇ ಎಡವಟ್ಟಾಗೋದು. ಚಳಿ ಆದಾಗ ಇಂಗ್ಲಿಷ್ ಲೆಕ್ಕದಲ್ಲಿ 'ಇಷ್ ಬಿನ್ ಕಾಲ್ಟ್' ಅಂದ್ರೆ ನಾನು ಕರುಣೆ ಇಲ್ಲದವಳು ಅನ್ನೋ ಅರ್ಥ ಬರುತ್ತೆ. ಸರಿಯಾದದ್ದು 'ಮೀರ್ ಇಸ್ಟ್ ಕಾಲ್ಟ್'. ನಾವು 'ನಂಗೆ ಚಳಿ' ಅಂತೀವಲ್ಲ, ಅದೇ ಜೋಡಣೆ. 'ನಂಗೆ ಇಷ್ಟ ಆಯ್ತು' ಅನ್ನೋದೂ ಹಾಗೇ, 'ಡಾಸ್ ಗೆಫೆಲ್ಟ್ ಮೀರ್'. ಇಂಥ ಕಡೆ ಬರೋ 'ನಂಗೆ'ಗೆ ಮೀರ್ ಹಾಕು, ಅದು ಡಾಟಿವ್, ನಮ್ಮ ಚತುರ್ಥಿ ವಿಭಕ್ತಿ ಥರ.

ಆದ್ರೆ ನಮ್ಮ 'ಗೆ' ಎಲ್ಲಾ ಕಡೆ ಡಾಟಿವ್ ಅಂತ ತಿಳ್ಕೋಬೇಡ, ನಮ್ಮವರು ಹೆಚ್ಚು ಮಾರ್ಕ್ಸ್ ಕಳ್ಕೊಳ್ಳೋದು ಇಲ್ಲೇ. ಶಾಲೆಗೆ ಹೋಗೋದು 'ಇನ್ ಡೀ ಶೂಲೆ', ಅಕ್ಕುಸಾಟಿವ್, ಅಂದ್ರೆ ದ್ವಿತೀಯಾ ವಿಭಕ್ತಿ ಥರ. ಶಾಲೆಯಲ್ಲಿ ಇರೋದು 'ಇನ್ ಡೇರ್ ಶೂಲೆ', ಡಾಟಿವ್. ಇನ್, ಆನ್, ಔಫ್ ಥರದ, ಜಾಗ ತೋರಿಸೋ ಒಂಬತ್ತು ಪದಗಳಿಗೆ ಈ ನಿಯಮ: ಎಲ್ಲಿಗೆ ಅಂದ್ರೆ ಅಕ್ಕುಸಾಟಿವ್, ಎಲ್ಲಿ ಅಂದ್ರೆ ಡಾಟಿವ್. 'ತ್ಸೂ' ಆ ಗುಂಪಿಗೆ ಸೇರಲ್ಲ. ಡಾಕ್ಟರ್ ಹತ್ರ ಹೋಗ್ತಿದ್ರೂ 'ತ್ಸುಮ್ ಆರ್ಟ್ಸ್ಟ್' (ತ್ಸೂ ಮತ್ತು ಡೆಮ್ ಸೇರಿ ತ್ಸುಮ್), ಡಾಟಿವ್ವೇ. ಔಸ್, ಬೈ, ಮಿಟ್, ನಾಖ್, ಫೋನ್, ತ್ಸೂ, ಈ ಆರನ್ನ ಮಗ್ಗಿ ಥರ ಬಾಯಿಪಾಠ ಮಾಡ್ಬಿಡು, ಯಾವತ್ತೂ ಡಾಟಿವ್.

'ವೈಲ್', ಅಂದ್ರೆ ಯಾಕಂದ್ರೆ, ಹಾಕಿದ ವಾಕ್ಯದಲ್ಲಿ ಕ್ರಿಯಾಪದ ಕೊನೇಗೆ ಹೋಗುತ್ತೆ: 'ವೈಲ್ ಇಷ್ ಹೊಯ್ಟೆ ಕೈನೆ ತ್ಸೈಟ್ ಹಾಬೆ' (ಯಾಕಂದ್ರೆ ಇವತ್ತು ನಂಗೆ ಟೈಮಿಲ್ಲ), ಇಲ್ಲಿ 'ಹಾಬೆ' ಕ್ರಿಯಾಪದ. ಕನ್ನಡದವರಿಗೆ ಇದು ಹೊಸದೇನಲ್ಲ. ಮುಖ್ಯ ವಾಕ್ಯದಲ್ಲಿ ಮಾತ್ರ ಕ್ರಿಯಾಪದ ಎರಡನೇ ಜಾಗ ಬಿಟ್ಟು ಕದಲಬಾರದು. 'ಹೊಯ್ಟೆ ಇಷ್ ಗೇಹೆ' ತಪ್ಪು, 'ಹೊಯ್ಟೆ ಗೇಹೆ ಇಷ್' (ಇವತ್ತು ನಾನು ಹೋಗ್ತೀನಿ) ಸರಿ.

ಡೇರ್-ಡೀ-ಡಾಸ್, ಅಂದ್ರೆ ನಾಮಪದದ ಲಿಂಗ ತೋರಿಸೋ ಪದಗಳ ವಿಷಯದಲ್ಲಿ ಮಾತ್ರ ಕನ್ನಡ ಕೈ ಕೊಡುತ್ತೆ. ನಮಗೆ ಚಮಚ, ಫೋರ್ಕ್, ಚಾಕು ಎಲ್ಲಾ 'ಅದು'. ಅವರಿಗೆ ಡೇರ್ ಲ್ಯೋಫೆಲ್, ಡೀ ಗಾಬೆಲ್, ಡಾಸ್ ಮೆಸ್ಸರ್. ಕಾರಣ ಹುಡುಕ್ಬೇಡ. ನೋಟ್‌ಬುಕ್ಕಲ್ಲಿ ಮೂರು ಬಣ್ಣದ ಪೆನ್ನಲ್ಲಿ ಬರಿ, ಪಕ್ಕದಲ್ಲೇ ಬಹುವಚನನೂ ಬರಿ. ಪದದ ಕೊನೇಲಿ ಉಂಗ್, ಹೈಟ್, ಕೈಟ್, ಶಾಫ್ಟ್ ಅನ್ನೋ ಪ್ರತ್ಯಯ ಇದ್ರೆ ಡೀ.

ಇನ್ನು ಪರೀಕ್ಷೆ. ಹೊರಗಿಂದ ಬಂದು ನೆಲೆಸೋರಿಗೆ ಅಂತ ಇರೋ ಇಂಟೆಗ್ರೇಷನ್ ಕೋರ್ಸಲ್ಲಿ ಸಾಮಾನ್ಯವಾಗಿ 45 ನಿಮಿಷದ 600 ಭಾಷಾ ಪಾಠ, ಕೊನೇಲಿ ಡಿಟಿಝಡ್ ಅನ್ನೋ ಜರ್ಮನ್ ಭಾಷಾ ಪರೀಕ್ಷೆ. ಅದರಲ್ಲಿ ಒಟ್ಟು ಬಿ1 (ಎ2 ಆದ್ಮೇಲಿನ ಹಂತ) ಸಿಗಬೇಕಾದ್ರೆ ಮಾತಾಡೋ ಭಾಗದಲ್ಲಿ ಬಿ1 ಬರಲೇಬೇಕು. ಜೊತೆಗೆ ಬರವಣಿಗೆ, ಅಥವಾ ಕೇಳೋದು-ಓದೋದು ಸೇರಿದ ಭಾಗ, ಇವೆರಡರಲ್ಲಿ ಒಂದರಲ್ಲಾದ್ರೂ ಬರಬೇಕು. ಅದಕ್ಕೇ ಹೇಳೋದು, ಕ್ಲಾಸಲ್ಲಿ ಹಿಂದಿ, ತೆಲುಗು ಬರೋರ ಪಕ್ಕ ಕೂರ್ಬೇಡ. ನಿನ್ನ ಜೊತೆ ಜರ್ಮನ್ ಬಿಟ್ಟು ಬೇರೆ ಏನೂ ಮಾತಾಡಕ್ಕಾಗ್ದೇ ಇರೋರ ಪಕ್ಕ ಕೂತ್ಕೋ. ಪತ್ರ ಬರೆಯೋಕೆ 30 ನಿಮಿಷ, ನಾಲ್ಕು ಅಂಶ ಕೊಟ್ಟಿರ್ತಾರೆ. ಪ್ರತಿಯೊಂದಕ್ಕೂ ಒಂದೆರಡು ವಾಕ್ಯ ಬರಿ. ಒಂದನ್ನ ಬಿಟ್ಟು ಉಳಿದ ಮೂರನ್ನ ಚೆನ್ನಾಗಿ ಬರೆದ್ರೂ ಅಂಕ ಹೋಗುತ್ತೆ. ಸಂಬೋಧನೆ ಆದ್ಮೇಲೆ ಅಲ್ಪವಿರಾಮ, ಮುಂದಿನ ಸಾಲು ಸಣ್ಣಕ್ಷರದಿಂದ ಶುರು. ಕೊನೇಲಿ 'ಮಿಟ್ ಫ್ರೊಯ್ಂಟ್ಲಿಶೆನ್ ಗ್ರ್ಯೂಸೆನ್', ಅದಾದ್ಮೇಲೆ ಅಲ್ಪವಿರಾಮ ಇಲ್ಲ.

ಇಷ್ಟಾದ್ಮೇಲೂ ಕ್ಲಾಸಲ್ಲಿ ಅರ್ಧಕ್ಕರ್ಧ ಅರ್ಥ ಆಗ್ದೇ ಇದ್ರೆ ಮಟ್ಟ ತಪ್ಪಾಗಿರಬಹುದು. ಟೀಚರ್ ಹತ್ರ ಹೇಳ್ಕೊಂಡು, ಆಫೀಸಲ್ಲಿ ಐನ್‌ಸ್ಟುಫುಂಗ್ಸ್‌ಟೆಸ್ಟ್ (ಯಾವ ಮಟ್ಟದ ಕ್ಲಾಸ್ ಅಂತ ನೋಡೋ ಪರೀಕ್ಷೆ) ಇನ್ನೊಂದ್ಸಲ ಕೊಡ್ತೀನಿ ಅಂತ ಕೇಳು. ಎ1.2ಗೆ, ಅಂದ್ರೆ ಮೊದಲ ಹಂತದ ಎರಡನೇ ಭಾಗಕ್ಕೆ ಇಳಿದ್ರೆ ಅವಮಾನ ಏನಿಲ್ಲ. ಈ ವಾರವೇ ಹೋಗು, ಕೋರ್ಸ್ ಶುರುವಾದ ಹೊಸತರಲ್ಲೇ ಕ್ಲಾಸ್ ಬದಲಾಯಿಸೋದು ಸುಲಭ.