ಮಲ್ಪೆಯಿಂದ ತಂದ ಮಿನುಗುವ ನೀರು ದಾವಣಗೆರೆಗೆ ಬಂದ ಮೇಲೆ ಮಿನುಗುತ್ತಿಲ್ಲ. ಇದು ನಿಜಕ್ಕೂ ಡೈನೋಫ್ಲಾಜಲೇಟಾ?

ಬೆಣ್ಣೆನಗರಿ_ಸ್ಲೈಡು (ದಾವಣಗೆರೆ)

ಎಲ್ಲರಿಗೂ ನಮಸ್ಕಾರ. ಶನಿವಾರ ರಾತ್ರಿ ಮಲ್ಪೆಯಲ್ಲಿದ್ದೆ. ಅಲೆ ಒಡೆದಲ್ಲೆಲ್ಲ ನೀಲಿ ಬೆಳಕು. ಒದ್ದೆ ಮರಳಿನ ಮೇಲೆ ಕಾಲಿಟ್ಟರೆ ಹೆಜ್ಜೆಯ ಸುತ್ತ ಕಿಡಿ ಹಾರಿದ ಹಾಗೆ. ಮಗಳು ನೀರು ಬಿಟ್ಟು ಬರಲೇ ಇಲ್ಲ. ಎರಡು ಲೀಟರಿನ ಬಾಟಲಿ ತುಂಬಾ ನೀರು ತುಂಬಿಕೊಂಡು ರಾತ್ರಿ ಬಸ್ಸಿಗೆ ಹತ್ತಿದೆವು.

ಭಾನುವಾರ ರಾತ್ರಿ ಮನೆಯಲ್ಲಿ ಅಲ್ಲಾಡಿಸಿದಾಗ ಸ್ವಲ್ಪ ಮಿನುಗಿತು. ಸೋಮವಾರ ಏನೂ ಇಲ್ಲ. ನೀರು ಕಡಿಮೆ ಆಯಿತೇನೋ ಅಂತ ಬೋರ್‌ವೆಲ್ ನೀರಿಗೆ ಅಡುಗೆ ಉಪ್ಪು ಕಲಸಿ ಒಂದು ಲೋಟ ಸೇರಿಸಿದೆ. ಮಂಗಳವಾರವೂ ಕತ್ತಲೆ.

ತಳದಲ್ಲಿ ಕೂತಿದ್ದನ್ನು ಡ್ರಾಪರ್‌ನಲ್ಲಿ ಎತ್ತಿ, ಕವರ್ ಸ್ಲಿಪ್ ಹಾಕಿ 100 ಪಟ್ಟು ದೊಡ್ಡದು ಮಾಡಿ ನೋಡಿದೆ. ಬರೀ ಚಿಂದಿ ಪೊರೆ, ಕಂದು ಕಸ. ಒಂದೆರಡು ಮಾತ್ರ ಬೆಂದ ಸಾಬಕ್ಕಿಯಂಥ ಗೋಲಿ. ಪುಸ್ತಕದಲ್ಲಿ ಡೈನೋಫ್ಲಾಜಲೇಟ್ ಅಂದರೆ ನೀರಲ್ಲಿರುವ ಒಂದೇ ಜೀವಕೋಶದ ಜೀವಿ, ಮೈಮೇಲೆ ಕವಚ, ಸೊಂಟಕ್ಕೊಂದು ಗೀರು, ಈಜಲು ಚಾವಟಿಯಂಥ ಎರಡು ಕಶಾಂಗ, ಒಳಗೆ ಹೊಂಬಣ್ಣ. ಇದರಲ್ಲಿ ಯಾವುದೂ ಇಲ್ಲ. ಇದು ಲೋಳೆಮೀನಿನ ಮರಿಯಾ, ಮೀನಿನ ಮೊಟ್ಟೆಯಾ? ಬೆಳಕು ಯಾಕೆ ನಿಂತಿತು?

ಕೋಟೆನಾಡು_ಲೆನ್ಸ್ (ಚಿತ್ರದುರ್ಗ)

ಸರ್, ಮೊದಲು ಒಂದು ಕೆಲಸ. ಬಾಟಲಿ ಅಲ್ಲಾಡಿಸುವುದನ್ನು ಈಗಲೇ ನಿಲ್ಲಿಸಿ. ಮುಚ್ಚಳ ಸಡಿಲ ಮಾಡಿ ನೆರಳಲ್ಲಿ ಇಡಿ. ಫ್ರಿಜ್‌ನಲ್ಲಿ ಬೇಡ. ಬೋರ್‌ವೆಲ್ ನೀರು ಇನ್ನೊಂದು ಹನಿಯೂ ಬೇಡ.

ನೀವು ಹೇಳಿದ್ದು ಬಹುತೇಕ ನಾಕ್ಟಿಲೂಕಾ ಸಿಂಟಿಲಾನ್ಸ್, ಅದೂ ಡೈನೋಫ್ಲಾಜಲೇಟೇ. 2020ರ ನವೆಂಬರ್‌ನಲ್ಲಿ ಉಡುಪಿ, ಮಂಗಳೂರು ಕಡೆ ಕಡಲು ಮಿನುಗಿದ್ದು ಸುದ್ದಿಯಾಗಿತ್ತಲ್ಲ, ಆಗ ಕೇಳಿಬಂದಿದ್ದೂ ಇದರ ಹೆಸರೇ.

ಲೋಳೆಮೀನು ಅಂತ ನಿಮಗೆ ಅನಿಸಿದ್ದರಲ್ಲಿ ತಪ್ಪೇನಿಲ್ಲ. 1810ರಲ್ಲಿ ಇದಕ್ಕೆ ಹೆಸರಿಟ್ಟ ಮೆಕಾರ್ಟ್ನಿ ಕೂಡ ಹಾಗೇ ಅಂದುಕೊಂಡು ಮೆಡೂಸಾ ಸಿಂಟಿಲಾನ್ಸ್ ಅಂತ ಕರೆದ. 1836ರಲ್ಲಿ ಸೂರಿರೇ ನಾಕ್ಟಿಲೂಕಾ ಮಿಲಿಯಾರಿಸ್ ಅಂದ. ಮಿಲಿಯಾರಿಸ್ ಅಂದರೆ ಸಿರಿಧಾನ್ಯದ ಕಾಳಿನಂಥದ್ದು. ನವಣೆ, ಸಾಮೆ ಬೆಳೆಯುವ ನಮ್ಮ ಸೀಮೆಯವರಿಗೆ ಈ ಹೆಸರು ನನಗಂತೂ ತುಂಬಾ ಹಿಡಿಸುತ್ತದೆ. ಈಗಿರುವ ಹೆಸರನ್ನು ಕೋಫಾಯ್ಡ್ ಮತ್ತು ಸ್ವೀಜಿ 1921ರಲ್ಲಿ ಕೊಟ್ಟರು. ಈ ಕುಲದಲ್ಲಿ ಇರುವುದು ಇದೊಂದೇ ಪ್ರಭೇದ.

ಇದು ಒಂದೇ ಜೀವಕೋಶ ಸರ್. ಅಷ್ಟು ದೊಡ್ಡದಿದ್ದರೂ ಒಂದೇ. 0.2 ಮಿಲಿಮೀಟರ್‌ನಿಂದ 2 ಮಿಲಿಮೀಟರ್‌ವರೆಗೆ ಬೆಳೆಯುತ್ತದೆ. ಮೈಮೇಲೆ ಕವಚ ಇಲ್ಲ. ಹೊಂಬಣ್ಣ ಇಲ್ಲದಿರುವುದಕ್ಕೆ ಕಾರಣ, ಇದು ಬಿಸಿಲಲ್ಲಿ ಅಡುಗೆ ಮಾಡಿಕೊಳ್ಳುವುದಿಲ್ಲ, ಹಿಡಿದು ತಿನ್ನುತ್ತದೆ. ಡಯಾಟಮ್ ಎಂಬ ಸೂಕ್ಷ್ಮ ಪಾಚಿ, ಮೀನಿನ ಮೊಟ್ಟೆ, ಸಣ್ಣ ಸೀಗಡಿಯಂಥ ಕೋಪಿಪಾಡ್‌ಗಳ ಮೊಟ್ಟೆ, ಸಿಕ್ಕಿದ್ದೆಲ್ಲ. ನೀವು ಕಂಡ ಕಂದು ಕಸ ಅದರ ಹೊಟ್ಟೆಯಲ್ಲಿದ್ದ ಡಯಾಟಮ್ ಇರಬಹುದು.

ಹಾಗಾದರೆ ಡೈನೋಫ್ಲಾಜಲೇಟ್ ಯಾಕೆ ಅಂತೀರಾ? ದೊಡ್ಡ ಗೋಲಿಯನ್ನು ನೋಡಿದರೆ ಗೊತ್ತಾಗುವುದಿಲ್ಲ, ಅದರ ಮರಿಗಳನ್ನು ನೋಡಬೇಕು. ಕೆಲವು ಗೋಲಿಗಳು ಒಳಗೊಳಗೇ ಒಡೆದು ನೂರಾರು ಪುಟಾಣಿ ಲಿಂಗಕೋಶಗಳನ್ನು ಬಿಡುತ್ತವೆ. ಪುಸ್ತಕದ ಡೈನೋಫ್ಲಾಜಲೇಟಿನ ಆಕಾರ ಇರುವುದು ಆ ಮರಿಗಳಿಗೆ. ಕ್ರೋಮೋಸೋಮ್‌ಗಳು ಯಾವಾಗಲೂ ಗಟ್ಟಿಯಾಗಿ ಸುತ್ತಿಕೊಂಡಿರುವ ಈ ಗುಂಪಿನ ವಿಶೇಷ ನ್ಯೂಕ್ಲಿಯಸ್ ಕೂಡ ಅವುಗಳಲ್ಲೇ ಇದೆ. ದೊಡ್ಡವಾದ ಮೇಲೆ ಆ ಗುರುತು ಮರೆಯಾಗುತ್ತದೆ. ಡೈನೋಫ್ಲಾಜಲೇಟ್‌ಗಳ ಹತ್ತಿರದ ನೆಂಟರು ಯಾರು ಗೊತ್ತಾ? ಒಂದು ಕಡೆ ಕೊಳದ ನೀರಲ್ಲಿ ಕಾಣುವ ಏಕಕೋಶ ಜೀವಿ ಪ್ಯಾರಮೀಸಿಯಂ, ಇನ್ನೊಂದು ಕಡೆ ಮಲೇರಿಯಾ ರೋಗಾಣು.

ಈಗ ಬೆಳಕಿನ ವಿಷಯ. ಜೀವಕೋಶದೊಳಗೆ ಬೆಳಕು ಕೊಡುವ ಲೂಸಿಫೆರಿನ್ ಮತ್ತು ಅದನ್ನು ಹೊತ್ತಿಸುವ ಕಿಣ್ವ ಲೂಸಿಫೆರೇಸ್ ತುಂಬಿದ ಸಣ್ಣ ಸಣ್ಣ ಚುಕ್ಕೆಗಳಿವೆ. ಅಲೆ ತಾಗಿದಾಗ ಪೊರೆಯಲ್ಲಿ ವಿದ್ಯುತ್ ಸಂಕೇತ ಹರಿದು ಆ ಚುಕ್ಕೆಗಳೊಳಗೆ ಹುಳಿ ಏರುತ್ತದೆ. ತಕ್ಷಣ ಮಿಂಚು. ಸೆಕೆಂಡಿನ ಹತ್ತನೇ ಒಂದು ಭಾಗದಷ್ಟು ಹೊತ್ತು, ಅಷ್ಟೇ. ಮತ್ತೆ ಮತ್ತೆ ಅಲ್ಲಾಡಿಸಿದರೆ ದಣಿಯುತ್ತದೆ. ಘಟ್ಟದ ರಸ್ತೆಯಲ್ಲಿ ರಾತ್ರಿಯಿಡೀ ಕುಲುಕಿದ ಬಾಟಲಿಯಲ್ಲಿ ಏನು ಉಳಿದೀತು?

ನಿಮ್ಮ ನೋಡುವ ಕ್ರಮದಲ್ಲೂ ಎರಡು ತೊಂದರೆ ಇದೆ. ಒಂದು, ತಳದಿಂದ ಎತ್ತಿದ್ದೀರಿ. ಬದುಕಿರುವ ನಾಕ್ಟಿಲೂಕಾ ಕಡೆದ ಮಜ್ಜಿಗೆಯ ಬೆಣ್ಣೆ ಹಾಗೆ ಮೇಲೆ ತೇಲುತ್ತದೆ. ಅದರ ಒಳಗಿನ ರಸದಲ್ಲಿ ಅಮೋನಿಯಂ ತುಂಬಿರುವುದರಿಂದ ಅದು ಕಡಲ ನೀರಿಗಿಂತ ಹಗುರ. ತಳದಲ್ಲಿರುವುದು ಸತ್ತವು. ಎರಡು, ಕವರ್ ಸ್ಲಿಪ್. ಅರ್ಧ ಮಿಲಿಮೀಟರ್ ಗೋಲಿಯ ಮೇಲೆ ಗಾಜು ಇಟ್ಟರೆ ಅಪ್ಪಚ್ಚಿ! ಗುಳಿ ಇರುವ ಸ್ಲೈಡ್ ಬಳಸಿ. ಇಲ್ಲದಿದ್ದರೆ ಸುಮ್ನೆ ಒಂದು ಹನಿ ತೆರೆದೇ ಇಟ್ಟು 40 ಪಟ್ಟಿನಲ್ಲಿ ನೋಡಿ.

ಬದುಕಿವೆಯಾ ಅಂತ ತಿಳಿಯಲು ಒಂದು ಪರೀಕ್ಷೆ ಇದೆ. ದೀಪ ಆರಿಸಿ, ಕಿಟಕಿ ಮುಚ್ಚಿ, ಕಣ್ಣು ಕತ್ತಲಿಗೆ ಹೊಂದಲು ಕಾಲು ಗಂಟೆ ಕೂತುಕೊಳ್ಳಿ. ಮೇಲ್ಪದರದಿಂದ ಒಂದು ಚಮಚ ನೀರು ಬೇರೆ ಲೋಟಕ್ಕೆ ತೆಗೆದು ಎರಡು ಹನಿ ವಿನೆಗರ್ ಬಿಡಿ. ಜೀವ ಇದ್ದರೆ ಒಮ್ಮೆ ಚೆನ್ನಾಗಿ ಬೆಳಗುತ್ತದೆ. ಆ ಚಮಚದಲ್ಲಿದ್ದವು ಸಾಯುತ್ತವೆ, ಹಾಗಾಗಿ ಒಂದು ಚಮಚ ಸಾಕು.

ಕಡಲತಡಿ_ಪಾಚಿ (ಉಡುಪಿ)

ಉಪ್ಪಿನ ಬಗ್ಗೆ ಒಂದು ಮಾತು. ಕಡಲ ನೀರಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಲವಣ ಇರುತ್ತದೆ. ಆದರೆ ಅದು ಬರೀ ಅಡುಗೆ ಉಪ್ಪಲ್ಲ. ಮೆಗ್ನೀಷಿಯಂ, ಕ್ಯಾಲ್ಸಿಯಂ, ಪೊಟಾಸಿಯಂ, ಸಲ್ಫೇಟ್ ಎಲ್ಲ ಬೇಕು. ಅಳತೆ ಇಲ್ಲದೆ ಕಲಸಿದ ನೀರು ತೆಳುವಾಗಿದ್ದರೆ ಈ ಗೋಲಿಗಳು ಉಬ್ಬಿ ಒಡೆಯುತ್ತವೆ. ಉಳಿದಿದ್ದನ್ನು ಆದಷ್ಟು ಬೇಗ ಶುದ್ಧ ಕಡಲ ನೀರಿಗೆ ಹಾಕಿ. ಅಕ್ವೇರಿಯಂ ಅಂಗಡಿಯಲ್ಲಿ ಸಿಗುವ ಸಮುದ್ರ ಉಪ್ಪಿನ ಪುಡಿಯೂ ಆದೀತು. ಊಟಕ್ಕೆ ಡುನಾಲಿಯೆಲ್ಲಾ ಪಾಚಿ ಕೊಡುತ್ತಾರೆ. ಬೆಳಕು ಬೇಕಿರುವುದು ಆ ಪಾಚಿಗೆ, ಇದಕ್ಕಲ್ಲ.

ಗೋಲಿಯೊಳಗೆ ಹಸಿರು ಚುಕ್ಕೆಗಳು ಈಜುತ್ತಿವೆಯಾ ಅಂತಲೂ ನೋಡಿ. ಅರಬ್ಬಿ ಸಮುದ್ರದಲ್ಲಿ ಚಳಿಗಾಲದಲ್ಲಿ ಹಬ್ಬುವ ಹಸಿರು ಬಗೆಯ ಒಳಗೆ ಪಾಚಿಗಳು ಬಾಡಿಗೆದಾರರ ಹಾಗೆ ವಾಸ ಮಾಡುತ್ತವೆ. ಅದಾದರೆ ಬೆಳಕು ಕೊಡಲೇಬೇಕು.

ಮತ್ತೆ, ದಯವಿಟ್ಟು ಈ ನೀರನ್ನು ಮೀನಿನ ತೊಟ್ಟಿಗೆ ಸುರಿಯಬೇಡಿ. ಸತ್ತಾಗ ಒಳಗಿನ ಅಮೋನಿಯಾ ಹೊರಗೆ ಬರುತ್ತದೆ. ಕೊಳೆಯುವಾಗ ಆಮ್ಲಜನಕ ಇಳಿಯುತ್ತದೆ. ಜಾಸ್ತಿ ಹಬ್ಬಿದಾಗ ಕಡಲಲ್ಲೇ ಮೀನು ಸಾಯುವುದುಂಟು.

ಬೆಣ್ಣೆನಗರಿ_ಸ್ಲೈಡು (ದಾವಣಗೆರೆ)

ಇಬ್ಬರಿಗೂ ತುಂಬಾ ಧನ್ಯವಾದ. ವಿನೆಗರ್ ಪರೀಕ್ಷೆ ಮಾಡಿದೆವು. ಮಗಳೇ ಹನಿ ಬಿಟ್ಟಳು. ಚಮಚದಷ್ಟು ನೀರಲ್ಲಿ ಆರೇಳು ನೀಲಿ ಚುಕ್ಕಿ ಹೊತ್ತಿ, ಮೆಲ್ಲಗೆ ಆರಿದವು. ಸತ್ತವಲ್ಲ ಅಂತ ಅವಳು ಚಪ್ಪಾಳೆ ತಟ್ಟಿದಳು, ಆಮೇಲೆ ಇವು ಸತ್ತೇ ಹೋದವಲ್ಲಾ ಅಂತ ಅತ್ತಳು.

ಸಮುದ್ರ ಉಪ್ಪಿನ ಪುಡಿ ತಂದು ಅಳೆದು ನೀರು ಮಾಡಿದೆ. ಮೇಲ್ಪದರದಿಂದ ಒಂದೊಂದಾಗಿ ಎತ್ತಿ ಗಾಜಿನ ಬಟ್ಟಲಿಗೆ ಬಿಟ್ಟೆ. 11 ಸಿಕ್ಕವು. ಕವರ್ ಸ್ಲಿಪ್ ಇಲ್ಲದೆ ನೋಡಿದರೆ ಬೇರೆಯೇ ಲೋಕ! ಒಂದು ಕಡೆ ಸೀಬೆಹಣ್ಣಿನ ತೊಟ್ಟಿನ ಗುಳಿಯಂಥ ತಗ್ಗು. ಅಲ್ಲಿಂದ ದಪ್ಪನೆಯ ಗೀರು ಗೀರಿನ ತೋಳೊಂದು ನಿಧಾನಕ್ಕೆ ಮಡಚುತ್ತದೆ, ಬಿಚ್ಚುತ್ತದೆ. ಒಳಗೆ ಜೇಡರ ಬಲೆಯಂಥ ಎಳೆಗಳು. ಹಸಿರು ಚುಕ್ಕೆ ಇಲ್ಲ.

ಇವತ್ತು ಎಣಿಸಿದರೆ 7 ಇವೆ. ಅದರಲ್ಲಿ ಒಂದು ನಡುವೆ ಸಣ್ಣಗಾಗಿ 8ರ ಆಕಾರಕ್ಕೆ ಬಂದಿದೆ. ಒಡೆಯುತ್ತಿದೆಯಾ?

ಕೋಟೆನಾಡು_ಲೆನ್ಸ್ (ಚಿತ್ರದುರ್ಗ)

ಇಲ್ಲ ಸರ್, ಒಂದು ಎರಡಾಗುತ್ತಿದೆ! ಮೈಕ್ರೋಸ್ಕೋಪಿನ ದೀಪ ಆರಿಸಿ, ಬಿಸಿ ತಾಗಬಾರದು. ಗಂಟೆಗೊಮ್ಮೆ ಮಾತ್ರ ನೋಡಿ. ಮಗಳನ್ನೂ ಕರೆಯಿರಿ.